ಒಂದೇ ಮೈಕು, ಎರಡು ಕೂಲಿ

ಹೋದ ವರ್ಷ ಬೇಸಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯಿತು. ನನಗೆ ಗಂಟಲು ಚೆನ್ನಾಗಿದೆ, ಕವಿಗೋಷ್ಠಿಗಳಲ್ಲಿ ಮೈಕು ಹಿಡಿದ ಅಭ್ಯಾಸವಿದೆ ಅಂತ ವೀಕ್ಷಕ ವಿವರಣೆಗೆ ಕರೆದರು. ಜೊತೆಗೆ ಡಿಗ್ರಿಯಲ್ಲಿ ನನ್ನ ಸಹಪಾಠಿಯಾಗಿದ್ದ ಒಬ್ಬಳನ್ನೂ ಕರೆದಿದ್ದರು. ಹೆಸರು ಬರೆಯುವುದಿಲ್ಲ, ಬೇಡ ಅಂತ ಆಕೆಯೇ ಹೇಳಿದ್ದಾಳೆ. ಆಕೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ಮೂಲೆಯಲ್ಲಿ ನಿಂತು ಕಾಲು ಹಿಡಿದಳೆಂದರೆ ದಾಳಿಗೆ ಬಂದವಳು ವಾಪಸ್ ಹೋದ ಹಾಗೇ. ನಾನೋ, ಕಬಡ್ಡಿಯನ್ನು ಬೇಲಿಯಾಚೆಯಿಂದ ನೋಡಿದವನು. ಸಂಜೆ ಏಳರಿಂದ ಬೆಳಗಿನ ಜಾವ ನಾಲ್ಕರವರೆಗೆ ಇಬ್ಬರೂ ಒಂದೇ ಮೇಜಿನ ಹಿಂದೆ ಕೂತು, ಇದ್ದ ಒಂದೇ ಮೈಕನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಕೂಗಿದೆವು. ನಾನು ಪ್ರಾಸ ಹಾಕಿದೆ, ಆಕೆ ಆಟ ಹೇಳಿದಳು. ಅಂಕಣದಲ್ಲಿ ಐದೇ ಜನ ಇದ್ದಾಗ ನಾನು ‘ಬೋನಸ್!’ ಅಂತ ಕಿರುಚಿದೆ. ಎದುರಿಗೆ ಆರು ಜನ ಇದ್ದರೆ ಮಾತ್ರ ಬೋನಸ್ಸು ಅಂತ ಆಕೆ ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳಿದಳು. ಮೈಕಿನಲ್ಲಿ ಹೇಳಿ ನನ್ನ ಮಾನ ಕಳೆಯಲಿಲ್ಲ.

ಬೆಳಗ್ಗೆ ಸಮಿತಿಯವರು ಇಬ್ಬರಿಗೂ ಒಂದೊಂದು ಕವರು ಕೊಟ್ಟರು. ನನ್ನದರಲ್ಲಿ ಎರಡು ಸಾವಿರ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಆಕೆ ತನ್ನ ಕವರು ಒಡೆದಳು. ಎಂಟು ನೂರು ರೂಪಾಯಿ, ಬೇರೆಯಾಗಿ ಕಾಗದದಲ್ಲಿ ಸುತ್ತಿದ ಒಂದು ರವಿಕೆ ಕಣ.

‘ನಿಂಗೆಷ್ಟು ಕೊಟ್ರೋ?’ ಅಂದಳು.

‘ಅಷ್ಟೇ ಕಣೇ’ ಅಂದೆ.

ಈ ಬರಹ ಆ ‘ಅಷ್ಟೇ’ ಎಂಬ ಮಾತಿನ ಬಗ್ಗೆ. ನಾನು ಯಾರ ಗಂಟನ್ನೂ ಕದಿಯಲಿಲ್ಲ. ದರ ನಿಗದಿ ಮಾಡಿದವನು ನಾನಲ್ಲ. ಕೊಟ್ಟರು, ತಗೊಂಡೆ. ಹೀಗಿರುವಾಗ ನನ್ನ ಬಾಯಿಂದ ಆ ಸುಳ್ಳು ಯಾಕೆ ಬಂತು? ಅನ್ಯಾಯವೇ ಇಲ್ಲದ ಕಡೆ ಮುಚ್ಚಿಡುವುದಕ್ಕೆ ಏನಿರುತ್ತದೆ? ಅಂದರೆ ನನ್ನ ನಾಲಿಗೆಗೆ ನನಗಿಂತ ಮೊದಲೇ ಲೆಕ್ಕ ಗೊತ್ತಿತ್ತು ಅಂತ ತಾನೇ ಅರ್ಥ?

ಕೂಲಿ ಲೆಕ್ಕದ ಪುಸ್ತಕವನ್ನು ನಾನು ಮೊದಲು ಓದಿದ್ದು ನಾಲ್ಕನೇ ಕ್ಲಾಸಿನಲ್ಲಿ. ಅವ್ವ, ಅಪ್ಪ ಇಬ್ಬರೂ ಕಡ್ಲೆಗಿಡ ಕೀಳೋಕೆ ಹೋಗ್ತಿದ್ದರು. ಶನಿವಾರ ಸಂಜೆ ಧಣಿಯ ಜಗುಲಿಯ ಕೆಳಗೆ ನಮ್ಮ ಕೇರಿಯವರೆಲ್ಲ ನಿಂತಿರುವಾಗ, ಬಟವಾಡೆಯಲ್ಲಿ ಮೋಸ ಆಗದಿರಲಿ ಅಂತ ಓದು ಬರುವ ನನ್ನನ್ನು ಮುಂದೆ ನಿಲ್ಲಿಸಿಕೊಳ್ತಿದ್ದರು. ಆ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲ. ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಗಂಡಾಳಿಗೆ ನೂರೈವತ್ತು, ಹೆಣ್ಣಾಳಿಗೆ ತೊಂಬತ್ತು. ‘ಯಾಕೆ?’ ಅಂತ ಕೇಳಿದೆ. ಹುಡುಗಬುದ್ಧಿ. ‘ಗಂಡಸರು ಮೂಟೆ ಹೊರ್ತಾರಲ್ಲೋ’ ಅಂದ ಧಣಿ. ಆ ವಾರ ಯಾರೂ ಮೂಟೆ ಹೊತ್ತಿರಲಿಲ್ಲ. ಕಿತ್ತ ಗಿಡ ಇನ್ನೂ ಹೊಲದಲ್ಲೇ ಗುಡ್ಡೆ ಬಿದ್ದಿತ್ತು. ಅವ್ವ ಅಪ್ಪನ ಪಕ್ಕದ ಸಾಲಿನಲ್ಲೇ ಗಿಡ ಕಿತ್ತಿದ್ದಳು. ಸಾಲು ಅವಳದೇ ಮೊದಲು ಮುಗಿಯುತ್ತಿತ್ತು. ಆದರೂ ಧಣಿಯ ಮಾತಿಗೆ ನಮ್ಮಪ್ಪ ಹೌದು ಹೌದು ಅಂತ ತಲೆಯಾಡಿಸಿದ. ಧಣಿಯ ಮಾತು ನನಗೆ ಆವತ್ತಿನಿಂದಲೂ ನೆನಪಿದೆ. ಅಪ್ಪನ ತಲೆ ಆಡಿದ್ದು ಮಾತ್ರ ಈಗೀಗ ಕಾಣುತ್ತಿದೆ.

ಇನ್ನು ದೂರದ ಒಂದು ಕತೆ. ವಿಂಬಲ್ಡನ್ ಅಂತ ಲಂಡನ್ನಿನ ಹುಲ್ಲಿನ ಅಂಗಳ. ಅಲ್ಲಿ ಮಾರ್ಟಿನಾ ನವ್ರಾಟಿಲೋವಾ ಒಂಬತ್ತು ಸಲ ಸಿಂಗಲ್ಸ್ ಗೆದ್ದವಳು. ಜಾನ್ ಮೆಕೆನ್ರೋ ಮೂರು ಸಲ ಗೆದ್ದವನು. ಇಬ್ಬರೂ ಆಟ ಬಿಟ್ಟ ಮೇಲೆ ಅದೇ ಅಂಗಳದ ಮೇಲಿನ ಗೂಡಿನಲ್ಲಿ ಕೂತು ಬಿಬಿಸಿಗೆ ವೀಕ್ಷಕ ವಿವರಣೆ ಕೊಡುವವರಾದರು. 2018ರ ಮಾರ್ಚಿನಲ್ಲಿ ಬಿಬಿಸಿಯದೇ ಪನೋರಮಾ ಎಂಬ ಕಾರ್ಯಕ್ರಮದಲ್ಲಿ ನವ್ರಾಟಿಲೋವಾ ತನಗೆ ಸಿಗುವ ಹಣವನ್ನು ಬಾಯಿಬಿಟ್ಟು ಹೇಳಿದಳು: ಸುಮಾರು 15 ಸಾವಿರ ಪೌಂಡು. ಮೆಕೆನ್ರೋಗೆ ಒಂದೂವರೆ ಲಕ್ಷದಿಂದ ಎರಡು ಲಕ್ಷದ ಒಳಗೆ. ಹತ್ತು ಪಟ್ಟು, ಅಥವಾ ಅದಕ್ಕೂ ಹೆಚ್ಚು. ಇದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು ಮಾತು. ಅದೇ ಕೆಲಸ ಮಾಡುವ ಗಂಡಸರಿಗೆ ಸರಿಸಮನಾಗಿಯೇ ನಿನಗೂ ಕೊಡುತ್ತಿದ್ದೇವೆ ಅಂತ ಆಕೆಗೆ ಮೊದಲು ಹೇಳಿದ್ದರಂತೆ. ಅಂದರೆ ಅಲ್ಲೂ ಯಾರೋ ಒಬ್ಬರು ಆಕೆಗೆ ‘ಅಷ್ಟೇ ಕಣೇ’ ಅಂದಿದ್ದರು.

ಬಿಬಿಸಿಯ ಸಮಜಾಯಿಷಿ ಏನು? ಇಬ್ಬರ ಕೆಲಸ ಬೇರೆ ಬೇರೆ, ಹೋಲಿಸುವಂತಿಲ್ಲ. ಆತ ಮೂವತ್ತು ಸಲ ಬರುತ್ತಾನೆ, ಆಕೆ ಹತ್ತು ಸಲ. ಆತ ಬೇರೆ ಕಡೆ ಹೋಗದ ಹಾಗೆ ಒಪ್ಪಂದ ಇದೆ. ಗಂಡು ಹೆಣ್ಣು ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ. ಸರಿ, ಒಪ್ಪಿಕೊಳ್ಳೋಣ. ನಾನು ಲೆಕ್ಕದ ಪುಸ್ತಕ ಓದಿ ಬೆಳೆದವನು, ಲೆಕ್ಕವನ್ನೇ ಮಾಡೋಣ. ಮೂವತ್ತಕ್ಕೆ ಒಂದೂವರೆ ಲಕ್ಷ ಅಂದರೆ ಒಂದು ಸಲಕ್ಕೆ ಐದು ಸಾವಿರ; ಇದು ಕಡಿಮೆ ಅಂದರೆ. ಹತ್ತಕ್ಕೆ ಹದಿನೈದು ಸಾವಿರ ಅಂದರೆ ಒಂದು ಸಲಕ್ಕೆ ಒಂದೂವರೆ ಸಾವಿರ. ಮೂರು ಪಟ್ಟು ಕೆಲಸಕ್ಕೆ ಹತ್ತು ಪಟ್ಟು ಕೂಲಿ. ಉಳಿದದ್ದು ಯಾವ ಮೂಟೆ ಹೊತ್ತದ್ದಕ್ಕೆ? ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಾನೂ ಲೆಕ್ಕ ಮುಚ್ಚಿಟ್ಟ ಹಾಗಾಗುತ್ತದೆ. ಅದೇ ವಿಂಬಲ್ಡನ್ ಪ್ರಸಾರವನ್ನು ನಡೆಸಿಕೊಡುತ್ತಿದ್ದ ಸ್ಯೂ ಬಾರ್ಕರ್ ಅನ್ನುವ ಹೆಂಗಸಿಗೆ ಮೆಕೆನ್ರೋಗಿಂತ ಹೆಚ್ಚು ಸಂಬಳ ಇತ್ತು. ಬಿಬಿಸಿಯವರು ಅದನ್ನೂ ತೋರಿಸಿದರು. ಊರಿಗೊಬ್ಬ ನಮ್ಮವನನ್ನು ಪಂಚಾಯ್ತಿ ಕುರ್ಚಿಯಲ್ಲಿ ಕೂರಿಸಿ, ಇನ್ನೆಲ್ಲಿದೆ ಭೇದ ಅಂತ ಕೇಳುವುದನ್ನು ನಾವೂ ನೋಡಿಲ್ಲವೇ?

ಇದನ್ನು ನಾನು ರೂಮಿನಲ್ಲಿ ಹೇಳಿದಾಗ ಗೆಳೆಯನೊಬ್ಬ ರೇಗಿಬಿದ್ದ. ‘ಹದಿನೈದು ಸಾವಿರ ಪೌಂಡು ಅಂದ್ರೆ ನಮ್ಮ ದುಡ್ಡಲ್ಲಿ ಹದಿಮೂರು ಲಕ್ಷದ ಮೇಲಾಯ್ತು. ಎರಡು ವಾರದ ಮಾತಿಗೆ! ನಿಮ್ಮವ್ವ ಹತ್ತು ವರ್ಷ ಸೊಂಟ ಬಗ್ಗಿಸಿದ್ರೂ ಕಾಣದ ದುಡ್ಡು. ಅವಳಿಗೋಸ್ಕರ ನೀನು ಅಳ್ತೀಯಾ? ಉಪ್ಪರಿಗೆ ಮೇಲಿನ ಜಗಳ ಕಣೋ ಅದು. ಬಿಡು.’

ಅವನ ಸಿಟ್ಟು ಸುಳ್ಳಲ್ಲ. ಅದಕ್ಕೆ ನಾನು ಬಹಳ ದಿನ ಉತ್ತರ ಹುಡುಕಿದೆ. ನನಗೆ ಹೊಳೆದದ್ದು ಇಷ್ಟು. ನಾನು ನವ್ರಾಟಿಲೋವಾಳ ಗಂಟಿನ ಬಗ್ಗೆ ಮಾತಾಡುತ್ತಿಲ್ಲ, ತಕ್ಕಡಿಯ ಬಗ್ಗೆ ಮಾತಾಡುತ್ತಿದ್ದೇನೆ. ಚಿನ್ನ ತೂಗುವ ಕಡೆ ಬಟ್ಟು ಸುಳ್ಳಾದರೆ ಉಪ್ಪು ತೂಗುವ ಕಡೆ ಅದು ನಿಜವಾಗುತ್ತದೆಯೇ? ಒಂಬತ್ತು ಸಲ ಗೆದ್ದವಳು, ಜಗತ್ತೇ ಹೆಸರು ಬಲ್ಲವಳು, ಬೇಕಾದರೆ ವಕೀಲರನ್ನು ಸಾಲಾಗಿ ನಿಲ್ಲಿಸಬಲ್ಲವಳು; ಅಂಥವಳಿಗೇ ಸುಳ್ಳು ಹೇಳಿ ದಕ್ಕಿಸಿಕೊಂಡರು ಅಂದಮೇಲೆ, ಲೆಕ್ಕದ ಪುಸ್ತಕದಲ್ಲಿ ಹೆಸರೇ ಇಲ್ಲದ ಹೆಣ್ಣಾಳಿನ ಪಾಡೇನು? ನನ್ನ ಗೆಳೆಯ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ, ಅದನ್ನು ಅವನು ಕೇಳಲಿಲ್ಲ. ಮೆಕೆನ್ರೋಗೆ ಅಷ್ಟು ಯಾಕೆ ಅಂತ ಅವನಿಗೆ ಅನ್ನಿಸಲೇ ಇಲ್ಲ. ಹೆಂಗಸಿನ ಕೈಯಲ್ಲಿ ಕಂಡ ದುಡ್ಡು ಮಾತ್ರ ಅವನಿಗೆ ಹೆಚ್ಚಾಗಿ ಕಂಡಿತು.

ಹಾಗಾದರೆ ‘ಒಂದೇ ಕೆಲಸ’ ಅಂದರೆ ಯಾವುದು? ಇಡೀ ಜಗಳ ನಿಂತಿರೋದು ಇದರ ಮೇಲೆ. ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ನಮ್ಮ ಸಂವಿಧಾನದ 39ನೇ ವಿಧಿ ಹೇಳುತ್ತದೆ. 1976ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೊಳಗೆ ಈಗ ಅದು ಸೇರಿಹೋಗಿದೆ. ಕಾಯ್ದೆಯನ್ನು ಎದುರಿಗೆ ನಿಂತು ಮುರಿಯುವ ದಡ್ಡ ಧಣಿಗಳು ಕಡಿಮೆ. ಜಾಣ ಧಣಿ ಕೂಲಿ ಮುಟ್ಟುವುದಿಲ್ಲ, ಕೆಲಸದ ಹೆಸರು ಬದಲಾಯಿಸುತ್ತಾನೆ. ಮುಂಬಯಿಯ ಮೆಕಿನನ್ ಮೆಕೆಂಜಿ ಎಂಬ ಕಂಪನಿ ಮಾಡಿದ್ದು ಅದನ್ನೇ. ಅಲ್ಲಿ ಗಂಡಸು ಸ್ಟೆನೋಗಳಿಗೆ ಒಂದು ಸಂಬಳ. ಸಾಹೇಬರುಗಳ ಗುಟ್ಟಿನ ಪತ್ರ ಬರೆಯುವ ಹೆಂಗಸು ಸ್ಟೆನೋಗಳಿಗೆ ಬೇರೆ ಹೆಸರಿನ ಹುದ್ದೆ, ಅದಕ್ಕೆ ಕಡಿಮೆ ಸಂಬಳ. ಆ ಹುದ್ದೆಯಲ್ಲಿ ಒಬ್ಬ ಗಂಡಸೂ ಇಲ್ಲ. ಹೋಲಿಸೋಣ ಅಂದರೆ ಎದುರಿಗೆ ಯಾರೂ ಇಲ್ಲ! ಆಡ್ರೆ ಡಿಕಾಸ್ಟಾ ಎಂಬ ಹೆಣ್ಣುಮಗಳು ಕೋರ್ಟು ಹತ್ತಿದಳು. 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯಿಂದ ಹೋದ ಇ.ಎಸ್. ವೆಂಕಟರಾಮಯ್ಯನವರು. ಹುದ್ದೆಯ ಹೆಸರು ನೋಡಬೇಡಿ, ಮಾಡುವ ಕೆಲಸ ನೋಡಿ ಎನ್ನುವುದು ಅದರ ತಿರುಳು. ಕಂಪನಿಗೆ ಹಣದ ತಾಪತ್ರಯ ಇದೆ ಎನ್ನುವ ನೆಪವನ್ನೂ ಅವರು ಒಪ್ಪಲಿಲ್ಲ. ಧಣಿಗೆ ಕಷ್ಟ ಬಂದರೆ ಅದು ಹೆಣ್ಣಾಳಿನ ಸೆರಗಿನಿಂದಲೇ ಯಾಕೆ ತೀರಬೇಕು?

ಇಂಗ್ಲೆಂಡಿನಲ್ಲಿ ಇದು ಇನ್ನೂ ಚೆಂದವಾಗಿ ಬಯಲಾಯಿತು. ಸಮೀರಾ ಅಹ್ಮದ್ ಎಂಬ ಪತ್ರಕರ್ತೆ ಬಿಬಿಸಿಯಲ್ಲಿ ‘ನ್ಯೂಸ್‌ವಾಚ್’ ನಡೆಸುತ್ತಿದ್ದಳು. ನೋಡುಗರ ದೂರುಗಳನ್ನು ಕುರಿತ ಹದಿನೈದು ನಿಮಿಷದ ಕಾರ್ಯಕ್ರಮ. ಒಂದಕ್ಕೆ 440 ಪೌಂಡು. ಜೆರೆಮಿ ವೈನ್ ಎಂಬಾತ ನೋಡುಗರ ಪತ್ರಗಳನ್ನೇ ಕುರಿತ ಇನ್ನೊಂದು ಹದಿನೈದು ನಿಮಿಷದ ಕಾರ್ಯಕ್ರಮ ನಡೆಸುತ್ತಿದ್ದ. ಒಂದಕ್ಕೆ 3,000 ಪೌಂಡು. ಯಾಕಪ್ಪಾ ಅಂದರೆ, ಅದು ಮನರಂಜನೆ, ಇದು ಸುದ್ದಿ. ಅದಕ್ಕೆ ಕಣ್ಣಲ್ಲಿ ಒಂದು ತುಂಟ ಮಿಂಚು ಬೇಕು ಅಂತ ಬಿಬಿಸಿ ವಾದ ಮಾಡಿತು! ನ್ಯಾಯಮಂಡಳಿಯವರು ಆತನ ಸ್ಕ್ರಿಪ್ಟು ತರಿಸಿ ನೋಡಿದರು. ಕಣ್ಣು ಹೊರಳಿಸು ಅಂತ ಅದರಲ್ಲೇ ಬರೆದಿತ್ತು. ಬರೆದುಕೊಟ್ಟ ಹಾಗೆ ಕಣ್ಣು ಹೊರಳಿಸುವುದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಕಿಲ್ಲ ಅಂತ ಹೇಳಿ, 2020ರ ಜನವರಿಯಲ್ಲಿ ಒಮ್ಮತದಿಂದ ಸಮೀರಾಳ ಪರವಾಗಿ ತೀರ್ಪು ಕೊಟ್ಟರು. ಇದನ್ನು ಓದಿದ ದಿನ ನಾನು ಒಬ್ಬನೇ ನಕ್ಕೆ. ಆಮೇಲೆ ನನ್ನ ಪ್ರಾಸಗಳು ನೆನಪಾದವು. ಸಮಿತಿಯವರಿಗೆ ನನ್ನಲ್ಲಿ ಕಂಡ ಮಿಂಚೂ ಇಂಥದ್ದೇ ಇದ್ದೀತು.

‘ಮಾರ್ಕೆಟ್ಟು’ ಅಂತ ಇನ್ನೊಂದು ಮಾತಿದೆ. ಹೆಂಗಸರ ಆಟ ನೋಡೋರು ಯಾರು, ನೋಡದಿದ್ದರೆ ದುಡ್ಡೆಲ್ಲಿಂದ ಬರುತ್ತೆ ಅಂತ ಓದಿದವರೇ ಕೇಳುತ್ತಾರೆ. ಅವರು ಈ ಕತೆ ಕೇಳಬೇಕು. ಮೊದಲನೇ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋದಾಗ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಮದ್ದುಗುಂಡಿನ ಕಾರ್ಖಾನೆಗೆ ಹೆಂಗಸರು ಕೂಲಿಗೆ ಬಂದರು. ಊಟದ ಬಿಡುವಿನಲ್ಲಿ ಫುಟ್ಬಾಲ್ ಒದ್ದರು, ಡಿಕ್ ಕೆರ್ ಅಂತ ಕಾರ್ಖಾನೆಯ ಹೆಸರಿನದೇ ತಂಡ ಕಟ್ಟಿದರು. 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು 53 ಸಾವಿರ ಜನ ಸೇರಿದರು. ಜಾಗ ಸಿಗದೆ ಹೊರಗೆ ಉಳಿದವರು ಸಾವಿರಾರು. ಮಾರ್ಕೆಟ್ಟು ಅಂದರೆ ಇದಲ್ಲವೇ? ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್ಬಾಲ್ ಸಂಘದ ದೊಡ್ಡ ಮನುಷ್ಯರು ಈ ಆಟ ಹೆಣ್ಣಿಗೆ ತಕ್ಕುದಲ್ಲ ಅಂತ ಹೇಳಿ, ತಮ್ಮ ಸಂಘದ ಯಾವ ಮೈದಾನದಲ್ಲೂ ಹೆಂಗಸರನ್ನು ಆಡಿಸಕೂಡದು ಅಂತ ಅಪ್ಪಣೆ ಮಾಡಿದರು. ಸುಮಾರು ಐವತ್ತು ವರ್ಷ ಆ ಬೀಗ ತೆಗೆಯಲಿಲ್ಲ. ಐವತ್ತು ವರ್ಷ ಆದಮೇಲೆ ಬೀಗ ತೆಗೆದು, ‘ನೋಡಿ, ಜನವೇ ಬರೋದಿಲ್ಲ’ ಅಂದರು. ಕೆರೆಗೆ ಇಳಿಯಲು ಬಿಡದೆ ನೂರು ವರ್ಷ ದೂರ ಇಟ್ಟು, ಇವರಿಗೆ ಈಜು ಬರೋದಿಲ್ಲ ಅಂತ ನಗುವವರನ್ನು ಕಂಡ ಜನ ನಾವು. ನಮಗೂ ಇದನ್ನು ಬಿಡಿಸಿ ಹೇಳಬೇಕೇ?

ಮೈದಾನದಿಂದ ದೂರ ಇಡುವುದು ಒಂದಾದರೆ, ಮೈದಾನದ ಮಾತಿನಿಂದ ದೂರ ಇಡುವುದು ಇನ್ನೊಂದು. 1977ರಲ್ಲಿ ಅಮೆರಿಕದಲ್ಲಿ ಬೇಸ್‌ಬಾಲಿನ ದೊಡ್ಡ ಪಂದ್ಯಾವಳಿ. ಮೆಲಿಸಾ ಲುಡ್ಕಿ ಎಂಬ ವರದಿಗಾರ್ತಿಯನ್ನು ಆಟಗಾರರ ಕೋಣೆಯೊಳಗೆ ಬಿಡಲಿಲ್ಲ. ಆಟ ಮುಗಿದ ಕೂಡಲೇ ಆಟಗಾರರು ಮಾತಾಡುವುದು ಅಲ್ಲೇ. ಗಂಡಸು ವರದಿಗಾರರೆಲ್ಲ ಒಳಗೆ, ಈಕೆ ಬಾಗಿಲಾಚೆ. ಅವರು ಬಿಸಿ ಸುದ್ದಿ ಬರೆಯುತ್ತಾರೆ, ಈಕೆಗೆ ಹಳಸಿದ್ದು. ನಾಳೆ ಸಂಬಳ ಕೇಳಿದರೆ, ನಿನ್ನ ವರದಿ ಅಷ್ಟು ಚೆನ್ನಾಗಿಲ್ಲವಲ್ಲಮ್ಮಾ! ಮೊಕದ್ದಮೆ ನ್ಯೂಯಾರ್ಕಿನಲ್ಲಿ ಕಾನ್ಸ್‌ಟನ್ಸ್ ಬೇಕರ್ ಮೋಟ್ಲಿ ಎಂಬ ನ್ಯಾಯಾಧೀಶೆಯ ಮುಂದೆ ಬಂತು. ಆಕೆ ಕಪ್ಪು ಹೆಂಗಸು. ಮಿಸಿಸಿಪ್ಪಿಯ ವಿಶ್ವವಿದ್ಯಾಲಯದ ಬಾಗಿಲನ್ನು 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕನಿಗೆ ತೆರೆಸಿದ ಮೊಕದ್ದಮೆಯ ವಕೀಲೆ ಆಕೆಯೇ. ಬಾಗಿಲಾಚೆ ನಿಲ್ಲುವುದು ಅಂದರೇನು ಅಂತ ಆಕೆಗೆ ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ಆಟಗಾರರ ಮಾನದ ಪ್ರಶ್ನೆ ಅಂತ ವಾದ ಬಂದಾಗ, ಅದಕ್ಕೆ ಟವೆಲು ಇದೆ, ಪರದೆ ಇದೆ, ಹೆಂಗಸಿನ ಹೊಟ್ಟೆಪಾಡಿಗೆ ಬಾಗಿಲು ಹಾಕಬೇಕಾಗಿಲ್ಲ ಅಂತ 1978ರಲ್ಲಿ ತೀರ್ಪು ಕೊಟ್ಟಳು. ಟವೆಲಿನಿಂದ ಬಗೆಹರಿಯುವುದನ್ನು ಧರ್ಮಸೂಕ್ಷ್ಮ ಮಾಡಿ ಕೂತಿದ್ದರು ಪುಣ್ಯಾತ್ಮರು.

ನಮ್ಮಲ್ಲೂ ಆಗಲೇ, 1977ರಲ್ಲೇ, ಇಂದೋರಿನಲ್ಲಿ ಚಂದ್ರಾ ನಾಯುಡು ಮೈಕಿನ ಮುಂದೆ ಕೂತು ಕ್ರಿಕೆಟ್ ವಿವರಣೆ ಹೇಳಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1976ರಲ್ಲಿ, ಭಾರತದ ಹೆಂಗಸರು ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದ್ದು ನಮ್ಮ ಬೆಂಗಳೂರಿನಲ್ಲೇ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ರಿಸರ್ವೇಶನ್ ಇಲ್ಲದ ರೈಲುಡಬ್ಬಿಯಲ್ಲಿ ಹೋಗಿ, ನೆಲದ ಮೇಲೆ ಮಲಗಿ ಆಡಿದ ಕಾಲ ಅದು ಅಂತ ಅವರು ಹೇಳಿಕೊಂಡಿದ್ದಾರೆ. 2022ರ ಅಕ್ಟೋಬರಿನಲ್ಲಿ ಕ್ರಿಕೆಟ್ ಮಂಡಳಿ ಗಂಡಿಗೂ ಹೆಣ್ಣಿಗೂ ಪಂದ್ಯದ ಶುಲ್ಕ ಒಂದೇ ಅಂತ ಸಾರಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ್ದಕ್ಕೆ 6, ಟಿ-20ಗೆ 3. ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಆ ವರ್ಷ ನಮ್ಮ ಹೆಣ್ಣುಮಕ್ಕಳಿಗೆ ಒಂದೇ ಒಂದು ಟೆಸ್ಟ್ ಪಂದ್ಯ ಆಡಿಸಿರಲಿಲ್ಲ. ಆಗ ವರ್ಷದ ಗುತ್ತಿಗೆಯಲ್ಲಿ ಮೇಲಿನ ದರ್ಜೆಯ ಗಂಡಿಗೆ 7 ಕೋಟಿ, ಮೇಲಿನ ದರ್ಜೆಯ ಹೆಣ್ಣಿಗೆ 50 ಲಕ್ಷ ಇತ್ತು. ಎಲೆ ಒಂದೇ ಅಳತೆಯದು ಹಾಕಿದರು, ಬಡಿಸುವಾಗ ನೋಡಿಕೊಂಡರು. ಕಬಡ್ಡಿಯದಂತೂ ಕೇಳಲೇಬೇಡಿ. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದದ್ದು ನಮ್ಮ ಹೆಣ್ಣುಮಕ್ಕಳೇ. ಕಾರ್ಕಳದ ಕಡೆಯ ಮಮತಾ ಪೂಜಾರಿ 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದಳು. ಅದೇ 2014ರಲ್ಲಿ ಟೀವಿಯವರ ಕಬಡ್ಡಿ ಲೀಗು ಶುರುವಾಯಿತು, ಗಂಡಸರಿಗೆ. ಹೆಂಗಸರಿಗೆ 2016ರಲ್ಲಿ ಮೂರೇ ತಂಡದ ಒಂದು ಪಂದ್ಯಾವಳಿ ನಡೆಸಿದರು. ಮರುವರ್ಷ ಅದು ಕಾಣಲಿಲ್ಲ. ಗಂಡಸೊಬ್ಬನ ಹರಾಜು 2023ರಲ್ಲಿ ಎರಡೂವರೆ ಕೋಟಿ ದಾಟಿತು.

ಈಗ ನನ್ನ ಕವರಿಗೇ ವಾಪಸ್ ಬರುತ್ತೇನೆ. ಅದನ್ನು ತಪ್ಪಿಸಿಕೊಳ್ಳೋಕೆ ತಾನೇ ಇಷ್ಟು ದೂರ ಸುತ್ತಿದ್ದು.

ಬಾಬಾಸಾಹೇಬರು ಜಾತಿಯನ್ನು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಅಂತ ಬಗೆದು ತೋರಿಸಿದರು. ಪ್ರತಿಯೊಬ್ಬನಿಗೂ ತುಳಿಯೋಕೆ ತನ್ನ ಕೆಳಗೊಬ್ಬ ಸಿಗುವುದರಿಂದ ಯಾರೂ ಇಡೀ ಏಣಿಯನ್ನು ಕಿತ್ತೆಸೆಯಲು ಬರುವುದಿಲ್ಲ ಎಂಬ ಆ ಮಾತನ್ನು ನಾನು ಭಾಷಣಗಳಲ್ಲಿ ಎಷ್ಟು ಸಲ ಹೇಳಿಲ್ಲ! ಹೇಳುವಾಗಲೆಲ್ಲ ನನ್ನ ಕಣ್ಣು ಮೇಲಿನ ಮೆಟ್ಟಿಲಿನ ಮೇಲಿರುತ್ತಿತ್ತು. ನನ್ನ ಕಾಲ ಕೆಳಗೆ ಏನಿದೆ ಅಂತ ಬಗ್ಗಿ ನೋಡಿರಲಿಲ್ಲ. ಅವರೇ 1944ರಲ್ಲಿ, ವೈಸರಾಯ್ ಮಂಡಲದ ಕಾರ್ಮಿಕ ಸದಸ್ಯರಾಗಿದ್ದಾಗ, ಕಲ್ಲಿದ್ದಲ ಗಣಿಯಲ್ಲಿ ದುಡಿಯುವ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಎಂಬ ನಿಯಮವನ್ನು ಶಾಸನಸಭೆಯಲ್ಲಿ ಎತ್ತಿ ಹೇಳಿದ್ದರು. ಯುದ್ಧದ ಕಾಲಕ್ಕೆ ಹೆಂಗಸರನ್ನು ಮತ್ತೆ ನೆಲದಡಿಗೆ ಇಳಿಸುವುದನ್ನು ಸಮರ್ಥಿಸಬೇಕಾಗಿ ಬಂದ ಕಷ್ಟದ ಹೊತ್ತದು. ಆ ಹೊತ್ತಿನಲ್ಲೂ ಕೂಲಿಯ ಮಾತು ಬಿಡಲಿಲ್ಲ ಅವರು. ಅವರ ಹೆಸರಲ್ಲಿ ಕವಿತೆ ಬರೆಯುವ ನಾನು ಎರಡು ಸಾವಿರದ ಕವರಿಗೆ ಬಾಯಿ ಮುಚ್ಚಿದೆ.

ಹೆಚ್ಚು ಪಡೆದವನ ಹೊಣೆ ಏನು? ವಾಪಸ್ ಕೊಟ್ಟರೆ ಸಾಕೇ? 2017ರ ಜುಲೈನಲ್ಲಿ, ಹೊಸ ಸನದಿನ ಪ್ರಕಾರ, ಬಿಬಿಸಿ ತನ್ನ ದೊಡ್ಡ ಸಂಬಳದವರ ಪಟ್ಟಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಹೊರಗೆ ಹಾಕಿತು. ಮೂರರಲ್ಲಿ ಎರಡು ಭಾಗ ಗಂಡಸರು. ಗುಟ್ಟು ಬಯಲಾದ ಮೇಲೆ, 2018ರ ಜನವರಿಯಲ್ಲಿ, ಆರು ಮಂದಿ ಗಂಡಸರು ತಮ್ಮ ಸಂಬಳ ಇಳಿಸಿಕೊಳ್ಳಲು ಒಪ್ಪಿದರು. ಅವರಲ್ಲಿ ಇಬ್ಬರು ಅದಕ್ಕೆ ಸ್ವಲ್ಪ ಮುಂಚೆ, ಮೈಕು ಕೇಳುತ್ತಿಲ್ಲ ಅಂತ ತಿಳಿದು, ಸಮಾನ ವೇತನ ಕೇಳಿದ ಕ್ಯಾರಿ ಗ್ರೇಸಿಯ ಬಗ್ಗೆ ತಮಾಷೆ ಮಾಡಿಕೊಂಡದ್ದೂ ಬಯಲಾಯಿತು. ಈ ಕ್ಯಾರಿ ಗ್ರೇಸಿ ಬಿಬಿಸಿಯ ಚೀನಾ ಸಂಪಾದಕಿ. ಅಮೆರಿಕದ ಸಂಪಾದಕನಿಗೂ ಮಧ್ಯಪ್ರಾಚ್ಯದ ಸಂಪಾದಕನಿಗೂ ತನಗಿಂತ ಬಹಳ ಹೆಚ್ಚಿದೆ ಅಂತ ಆ ಪಟ್ಟಿ ನೋಡಿ ಆಕೆಗೆ ಗೊತ್ತಾಯಿತು. ಕೇಳಿದಾಗ 45 ಸಾವಿರ ಪೌಂಡು ಏರಿಸುತ್ತೇವೆ ಅಂದರು. ಬೇಡ ಅಂದಳು. ನಾನು ಹೆಚ್ಚು ಕೇಳಿದ್ದಲ್ಲ, ಸಮ ಕೇಳಿದ್ದು ಅಂತ ಹುದ್ದೆ ಬಿಟ್ಟಳು. ಆ ವರ್ಷವೇ ಬಿಬಿಸಿ ಕ್ಷಮೆ ಕೇಳಿ ಬಾಕಿ ಕೊಟ್ಟಾಗ, ಆ ಹಣವನ್ನೆಲ್ಲ ಹೆಂಗಸರ ಹಕ್ಕಿಗಾಗಿ ದುಡಿಯುವ ಫಾಸೆಟ್ ಸೊಸೈಟಿಗೆ ಕೊಟ್ಟುಬಿಟ್ಟಳು. ಆ ಆರು ಗಂಡಸರು ಇಳಿಸಿಕೊಂಡ ಹಣ ಮಾತ್ರ ಎಲ್ಲಿಗೆ ಹೋಯಿತು? ಧಣಿಯ ಪೆಟ್ಟಿಗೆಗೇ. ಗಂಡಾಳಿನ ಕೂಲಿ ಇಳಿಸಿದರೂ ಹೆಣ್ಣಾಳಿನ ಕೂಲಿ ತಾನಾಗಿ ಏರುವುದಿಲ್ಲ.

ಇದೆಲ್ಲ ಓದಿದ ಮೇಲೂ ನಾನು ಮಾಡಿದ್ದು ಆ ಆರು ಜನ ಮಾಡಿದ್ದನ್ನೇ. ಎರಡು ಸಾವಿರ, ಎಂಟು ನೂರು, ಕೂಡಿಸಿ ಅರ್ಧ ಮಾಡಿದರೆ ಒಂದು ಸಾವಿರದ ನಾನೂರು. ಆರು ನೂರು ರೂಪಾಯಿ ಹಿಡಿದು ಆಕೆಯ ಮನೆಗೆ ಹೋದೆ. ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ಆಕೆ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ಕುಟ್ಟುವುದು ನಿಲ್ಲಿಸಲಿಲ್ಲ.

‘ಆವತ್ತೇ ಗೊತ್ತಿತ್ತು ಬಿಡೋ. ನಿನ್ನ ಕವರು ದಪ್ಪ ಇತ್ತು. ಈ ದುಡ್ಡು ತಗೊಂಡ್ರೆ ನೀನು ದೊಡ್ಡ ಮನುಷ್ಯ ಆಗ್ತೀಯ. ನನ್ನ ರೇಟು ಎಂಟ್ನೂರೇ ಉಳೀತದೆ.’

‘ಮತ್ತೇನ್ ಮಾಡ್ಲಿ?’

‘ಅವ್ರು ಫೋನ್ ಮಾಡ್ದಾಗ ಎಷ್ಟು ಕೊಡ್ತೀವಿ ಅಂದ್ರು ಅಂತ ಮೊದ್ಲು ನಂಗೆ ಹೇಳು. ಕವರು ಕೈಗೆ ಬಂದ ಮೇಲೆ ಅಲ್ಲ.’

ಅವ್ವನಿಗೆ ಈ ಕತೆ ಹೇಳಿದೆ. ಉದ್ಯೋಗ ಖಾತ್ರಿಯ ಕೆರೆ ಹೂಳಿನ ಕೆಲಸಕ್ಕೆ ಹೋದಾಗ, ಅಪ್ಪನಿಗೆ ಎಷ್ಟೋ ತನಗೂ ಅಷ್ಟೇ ಬ್ಯಾಂಕಿಗೆ ಬಂದಿತ್ತು ಅಂತ ಅವಳು ನೆನೆಸಿಕೊಂಡಳು. ಬದುಕಲ್ಲಿ ಅದೇ ಮೊದಲ ಸಲವಂತೆ. ಪಾಸ್‌ಬುಕ್ಕು ನನ್ನ ಕೈಲಿ ಎರಡೆರಡು ಸಲ ಓದಿಸಿದ್ದಳು. ನನಗೆ ಮರೆತೇ ಹೋಗಿತ್ತು. ಅದರಲ್ಲಿ ಹೆಣ್ಣಾಳು ಅಂತ ಇರಲಿಲ್ಲ, ಅವಳ ಹೆಸರಿತ್ತು. ‘ನಿಮ್ಮಪ್ಪ ಎರಡು ದಿನ ಮಾತೇ ಆಡ್ಲಿಲ್ಲ’ ಅಂತ ನಕ್ಕಳು.

ಮೊನ್ನೆ ಸಮಿತಿಯವರ ಫೋನ್ ಬಂತು. ಈ ಸಲದ ಪಂದ್ಯಾವಳಿಗೆ ಎರಡೂವರೆ ಸಾವಿರ ಕೊಡ್ತೀವಿ ಅಂದರು. ಆಕೆಗೆಷ್ಟು ಅಂದೆ. ಅದು ನಿಮಗ್ಯಾಕೆ ಕವಿಗಳೇ, ಅವರಿಗೆ ಬೇರೆ ಮಾತಾಡ್ತೀವಿ ಅಂದರು. ನನ್ನ ರೇಟು ಈಗಲೇ ಆಕೆಗೆ ಹೇಳಿಬಿಡ್ತೀನಿ, ಇಬ್ಬರಿಗೂ ಅಷ್ಟೇ ಆದರೆ ಇಬ್ಬರೂ ಬರ್ತೀವಿ ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಧ್ಯಕ್ಷರನ್ನ ಕೇಳಿ ಮತ್ತೆ ಫೋನ್ ಮಾಡ್ತೀವಿ ಅಂತ ಇಟ್ಟರು. ಆಕೆಗೆ ಹೇಳಿದೆ. ‘ನೋಡಾನ’ ಅಂದಳು.

ಪಂದ್ಯಾವಳಿಗೆ ಇನ್ನು ಹನ್ನೊಂದು ದಿನ ಇದೆ. ಫೋನ್ ಇನ್ನೂ ಬಂದಿಲ್ಲ.